ಟ್ರೈನ್ ಹಾಡಿನ ಪಿಟೀಲು

ಸೊಣ್ಣಪ್ಪನಿಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು ಅಂತ ಬಂಗಾರಪೇಟೆಯಿಂದ ಮಾರಿಕುಪ್ಪಂವರೆಗೆ ಯಾರನ್ನು ಕೇಳಿದರೂ ಹೇಳುತ್ತಾರೆ. ಹೇಳಲಿ ಬಿಡಿ, ಅದರಲ್ಲಿ ಸುಳ್ಳೇನಿಲ್ಲ. ಟಿಕೆಟ್ ಕಲೆಕ್ಟರ್ ಚಿಲ್ಲರೆ ತಡ ಮಾಡಿದರೆ ಕೋಪ, ಟೀಯಲ್ಲಿ ಸಕ್ಕರೆ ಹೆಚ್ಚಾದರೆ ಕೋಪ. ಆದರೆ ಅವೆಲ್ಲ ಬಂದು ಹೋಗುವ ಕೋಪಗಳು. ಹದಿನೇಳು ವರ್ಷ ಆರದ ಹಾಗೆ ಕಾಪಾಡಿಕೊಂಡು ಬಂದದ್ದು ಒಂದೇ ಒಂದು, ಅದೂ ಒಬ್ಬನೇ ಮನುಷ್ಯನ ಮೇಲೆ. ಆ ಮನುಷ್ಯ ಆಂಡರ್ಸನ್‌ಪೇಟೆಯ ಆರೋಗ್ಯಸ್ವಾಮಿ. ಕಾರಣ, ಅಂಗೈಯಗಲದ ಒಂದು ಗ್ರಾಮಫೋನ್ ತಟ್ಟೆಯಲ್ಲಿ ಮೂರು ನಿಮಿಷ ನುಡಿಯುವ ಪಿಟೀಲು.

ಸೊಣ್ಣಪ್ಪನ ಹಳ್ಳಿ ಬಂಗಾರಪೇಟೆಗೆ ಎರಡು ಮೈಲಿ. ಮನೆಯಲ್ಲಿ ಎಮ್ಮೆ, ರಾಗಿ ಹೊಲ. ಹೊಟ್ಟೆಪಾಡಿಗೆ ಮಾತ್ರ ಚಿನ್ನದ ಗಣಿ. ಸುರಂಗದಲ್ಲಿ ಮದ್ದು ಸಿಡಿಸಿದ ಮೇಲೆ ಎಲ್ಲರಿಗಿಂತ ಮೊದಲು ಒಳಗೆ ಹೋಗುವುದು ಅವನ ಕೆಲಸ. ಉದ್ದನೆಯ ಗಡಾರಿಯಿಂದ ತಲೆಯ ಮೇಲಿನ ಬಂಡೆ ಕುಟ್ಟಬೇಕು, ಕಿವಿಗೊಟ್ಟು ಕೇಳಬೇಕು. ಗಟ್ಟಿ ಬಂಡೆ ಖಣ್ ಅನ್ನುತ್ತದೆ, ಸಡಿಲವಾದದ್ದು ದೊಬ್ ಅನ್ನುತ್ತದೆ. ಈ ಎರಡರ ನಡುವೆ ಹತ್ತಾರು ದನಿಗಳಿವೆ, ಅವನ್ನು ತಿಳಿದವನು ಸಂಜೆ ಮನೆಗೆ ಬರುತ್ತಾನೆ. ಸೊಣ್ಣಪ್ಪ 'ಬನ್ರಲಾ' ಅಂದ ಜಾಗದಲ್ಲಿ ಯಾರ ತಲೆಯ ಮೇಲೂ ಒಂದು ಹರಳು ಬಿದ್ದದ್ದಿಲ್ಲ. ಅದು ಅವನ ಕಿವಿ, ಅವನ ಹೆಮ್ಮೆ.

ಆ ಕಿವಿ ಮೇಲೆ ಬಂದ ಮೇಲೂ ಸುಮ್ಮನಿರುತ್ತಿರಲಿಲ್ಲ. ಶಿಫ್ಟ್ ಮುಗಿದ ಮೇಲೆ ರಾಬರ್ಟ್‌ಸನ್‌ಪೇಟೆಯಲ್ಲಿ ಚಿಕ್ಕಮುನಿಯಪ್ಪನ ರೇಡಿಯೋ ಅಂಗಡಿಯ ಬೆಂಚಿನ ಮೇಲೆ ಕೂರುತ್ತಿದ್ದ. ಗಣಿಯ ಆಂಗ್ಲೋ-ಇಂಡಿಯನ್ ಜನ ಊರು ಬಿಡುವಾಗ ಮಾರಿಹೋದ ಅಮೆರಿಕದ ಕಂಟ್ರಿ ಹಾಡುಗಳ ತಟ್ಟೆಗಳು ಅಲ್ಲಿ ರಾಶಿ ಬಿದ್ದಿದ್ದವು. ದನ, ರೈಲು, ಜೈಲು, ಹೆಂಡ, ಬಿಟ್ಟುಹೋದ ಹೆಂಗಸು, ಇಷ್ಟರ ಮೇಲಿನ ಹಾಡುಗಳು. ಸೊಣ್ಣಪ್ಪನಿಗೆ ಇಂಗ್ಲಿಷ್ ಒಂದಕ್ಷರ ಬಾರದು. ಹಾಡಿದವನ ಗೋಜಿಗೂ ಅವನು ಹೋಗುತ್ತಿರಲಿಲ್ಲ. ಹಿಂದೆ ಗಿಟಾರು, ಪಿಟೀಲು ಬಾರಿಸಿದವರು ಯಾರು ಅನ್ನುವುದೇ ಅವನ ತಲೆನೋವು, ಯಾಕೆಂದರೆ ಕವರಿನ ಮೇಲೆ ಅವರ ಹೆಸರೇ ಇರುತ್ತಿರಲಿಲ್ಲ. ಕೂಲಿ ಕೊಟ್ಟು ಕರೆಸಿ, ಬಾರಿಸಿಕೊಂಡು, ಕಳಿಸಿಬಿಟ್ಟಿದ್ದರು. ಸೊಣ್ಣಪ್ಪನೇ ಅವರಿಗೆ ಹೆಸರಿಟ್ಟಿದ್ದ. ಒಬ್ಬ ಎಡಚ, ಒಬ್ಬ ಕೆಮ್ಮಣ್ಣ, ಇನ್ನೊಬ್ಬ ಸೋಮಾರಿ.

"ಈ ತಟ್ಟೆ ಬ್ಯಾರೆ, ಆ ತಟ್ಟೆ ಬ್ಯಾರೆ ಕಣ್ಲಾ ಚಿಕ್ಕ," ಅಂತ ಒಂದು ದಿನ ಅಂದ. "ಆಡು ಒಂದೇ, ಆಡ್ದೋನೂ ಒಬ್ನೇ. ಗಿಟಾರ್‌ನೋನು ಬದ್ಲಾಗವ್ನೆ. ಇದ್ರಾಗೆ ಎಡಚ, ಅದ್ರಾಗೆ ಸೋಮಾರಿ."

ಚಿಕ್ಕಮುನಿಯಪ್ಪ ಬಿದ್ದು ಬಿದ್ದು ನಕ್ಕ. ಆರು ತಿಂಗಳ ಮೇಲೆ ಹೊರದೇಶದ ಒಂದು ಪತ್ರಿಕೆ ರದ್ದಿಯಲ್ಲಿ ಬಂತು. ಆ ಹಾಡನ್ನು ಎರಡು ಸಲ, ಎರಡು ಬೇರೆ ವರ್ಷಗಳಲ್ಲಿ, ಇಬ್ಬರು ಬೇರೆ ಗಿಟಾರಿನವರನ್ನು ಇಟ್ಟುಕೊಂಡು ಮುದ್ರಿಸಿದ್ದಾರೆ ಅಂತ ಅದರಲ್ಲಿ ಅಚ್ಚಾಗಿತ್ತು. ಆವತ್ತಿನಿಂದ ಅಂಗಡಿಯಲ್ಲಿ ಸೊಣ್ಣಪ್ಪ ಹೇಳಿದ್ದೇ ಕೊನೆಯ ಮಾತು. ಅವನ ಕಿವಿ ಸುಳ್ಳು ಹೇಳುವುದಿಲ್ಲ ಅಂತ ಊರೇ ಒಪ್ಪಿಬಿಟ್ಟಿತು. ಆಮೇಲೆ ಆದ ಅನಾಹುತಕ್ಕೆಲ್ಲ ಆ ಒಪ್ಪಿಗೆಯೇ ದಾರಿಯಾಯಿತು.

ಸೊಣ್ಣಪ್ಪನ ತಮ್ಮ ಕೋದಂಡಪ್ಪ. ಅವನೂ ಗಣಿಯವನೇ, ಅನಾಹುತವಾದಾಗ ಒಳಗೆ ಸಿಕ್ಕಿಕೊಂಡವರನ್ನು ತರುವ ರೆಸ್ಕ್ಯೂ ತಂಡದಲ್ಲಿದ್ದ. ಪಿಟೀಲು ಕಲಿತದ್ದು ಊರಿನ ಭಜನೆಯಲ್ಲಿ. ಚಿಕ್ಕಂದಿನಲ್ಲಿ ಮೇವು ಕತ್ತರಿಸುವ ಮೆಷಿನ್ನಿಗೆ ಎಡಗೈಯ ಕಿರುಬೆರಳು ಹೋಗಿತ್ತು. ಆ ಬೆರಳು ಬೀಳಬೇಕಾದ ಕಡೆಗೆಲ್ಲ ಉಂಗುರದ ಬೆರಳನ್ನೇ ತಂತಿಯ ಮೇಲೆ ಎಳೆದುಕೊಂಡು ಹೋಗುತ್ತಿದ್ದ, ಹಾಗಾಗಿ ಅವನ ಪಿಟೀಲಿನಲ್ಲಿ ಒಂದು ಜಾರು ಬರುತ್ತಿತ್ತು. ಗಣಿಯ ಫೋರ್‌ಮನ್ ಡೆರಿಕ್ ದೊರೆ ಆ ಜಾರು ಕೇಳಿ ಮರುಳಾಗಿ ತನ್ನ ಕಂಟ್ರಿ ಬ್ಯಾಂಡಿಗೆ ಸೇರಿಸಿಕೊಂಡ. ಮಿಕ್ಕವರೆಲ್ಲ ಟೋಪಿ ಹಾಕಿಕೊಂಡು ನಿಂತು ಬಾರಿಸಿದರೆ ಕೋದಂಡಪ್ಪ ಪಂಚೆ ಉಟ್ಟು ಚಾಪೆಯ ಮೇಲೆ ಚಕ್ಕಂಬಕ್ಕಲ ಹಾಕಿ ಕೂರುತ್ತಿದ್ದ. ಆರೋಗ್ಯಸ್ವಾಮಿ ಅದೇ ಬ್ಯಾಂಡಿನ ಗಿಟಾರಿನವನು. ಚರ್ಚಿನಲ್ಲಿ ಪಿಟೀಲೂ ಕಲಿತಿದ್ದ.

ಎಪ್ಪತ್ತಾರರಲ್ಲಿ ಮದ್ರಾಸಿನ ಒಂದು ಸಣ್ಣ ಕಂಪನಿಯವನು ಟೇಪು ಮೆಷಿನ್ ಹೊತ್ತುಕೊಂಡು ಗಣಿಯ ಪಕ್ಕದ ಕೋರಮಂಡಲ್ ಪೇಟೆಗೆ ಬಂದ. ಡೆರಿಕ್ ದೊರೆ ಬಂಗಾರಪೇಟೆಯ ಟ್ರೈನಿನ ಮೇಲೆ ತಾನೇ ಕಟ್ಟಿದ್ದ ಇಂಗ್ಲಿಷ್ ಹಾಡನ್ನು ಅಲ್ಲಿನ ಒಂದು ಹಾಲ್‌ನಲ್ಲಿ ಮುದ್ರಿಸುವುದೆಂದಾಯಿತು. ಮುದ್ರಣದ ದಿನ ಮಧ್ಯಾಹ್ನವೇ ಗಣಿಯ ಆಳದಲ್ಲಿ ಬರ್ಸ್ಟಾಯಿತು. ಬಂಡೆ ತಾನಾಗಿ ಸಿಡಿಯುವುದಕ್ಕೆ ಅಲ್ಲಿಯವರು ಹಾಗನ್ನುತ್ತಾರೆ; ಮೇಲೆ ಮನೆಗಳಲ್ಲಿ ಪಾತ್ರೆ ಅಲುಗಾಡುತ್ತದೆ. ಸೈರನ್ ಕೂಗಿತು. ರೆಸ್ಕ್ಯೂ ತಂಡದ ಜತೆ ಕೋದಂಡಪ್ಪ ಇಳಿದ. ಒಂದು ಗಂಟೆಯ ಮೇಲೆ ಇನ್ನೊಂದು ಸಿಡಿಯಿತು. ಅವನ ಹೆಣ ಮೇಲೆ ಬಂದದ್ದು ಮೂರನೆಯ ದಿನ.

ಆವತ್ತು ಸೊಣ್ಣಪ್ಪನದೂ ಒಳಗೇ ಶಿಫ್ಟು. ಆದರೆ ಹಲ್ಲುನೋವು ತಾಳಲಾರದೆ ಹನ್ನೊಂದಕ್ಕೇ ಮೇಲೆ ಬಂದು, ಆಂಡರ್ಸನ್‌ಪೇಟೆಯ ಒಂದು ಟೀ ಅಂಗಡಿಯ ಬೆಂಚಿನ ಮೇಲೆ ಲವಂಗ ಕಚ್ಚಿಕೊಂಡು ಕೂತಿದ್ದ. ಕೋದಂಡಪ್ಪ ಡ್ಯೂಟಿಯ ಮೇಲೆ ಸತ್ತ ಅಂತ ಎಲ್ಲರೂ ಹೇಳಿದರು. ಹಾಡು ಮುಗಿಸಿದ, ಸೈರನ್ ಕೂಗಿತು, ಹೋದ. ಸೊಣ್ಣಪ್ಪನೂ ಹಾಗೆಯೇ ತಿಳಿದ.

ನಾಲ್ಕು ತಿಂಗಳ ಮೇಲೆ ತಟ್ಟೆ ಬಂತು. ಕವರಿನ ಮೇಲೆ ಡೆರಿಕ್ ದೊರೆಯ ಹೆಸರೊಂದೇ. ದೊರೆ ಅಷ್ಟರಲ್ಲಿ ಆಸ್ಟ್ರೇಲಿಯಾಕ್ಕೆ ಹೋಗಿ ಕೂತಿದ್ದ. ಚಿಕ್ಕಮುನಿಯಪ್ಪನ ಅಂಗಡಿಯಲ್ಲಿ ಅದನ್ನು ಹಾಕಿದಾಗ ಸೊಣ್ಣಪ್ಪ ಗೋಡೆ ಹಿಡಿದುಕೊಂಡು ನಿಂತ. ಅದೇ ಜಾರು. ತಮ್ಮನೇ ಎದುರಿಗೆ ಕೂತು ಬಾರಿಸಿದ ಹಾಗಿತ್ತು. ಕಣ್ಣೊರೆಸಿಕೊಂಡು ಹೊರಗೆ ಬರುತ್ತಾನೆ, ಬಾಗಿಲಲ್ಲೇ ಯಾರೋ ಹೇಳಿದರು: ಆ ಪಿಟೀಲು ಬಾರಿಸಿದ್ದು ನಾನು ಅಂತ ಆರೋಗ್ಯಸ್ವಾಮಿ ಹೇಳಿಕೊಂಡು ತಿರುಗುತ್ತಿದ್ದಾನೆ.

ಸೊಣ್ಣಪ್ಪನ ಪಿತ್ತ ನೆತ್ತಿಗೇರಿತು. ಅಲ್ಲ, ಸತ್ತವನ ಬಾಯಿಂದ ಅನ್ನ ಕಿತ್ತುಕೊಳ್ಳುವವರಿದ್ದಾರೆ, ಕೇಳಿದ್ದೇವೆ. ಸತ್ತವನ ಬೆರಳನ್ನೇ ಕಿತ್ತುಕೊಳ್ಳುವುದೆ? ನೇರ ಅವನ ಮನೆಗೆ ಹೋಗಿ ಕೊರಳಪಟ್ಟಿ ಹಿಡಿದು ಬೀದಿಗೆ ಎಳೆದ.

"ಯಾರ್ಲಾ ಬಾರ್ಸಿದ್ದು?"

"ನಾನೇ," ಅಂದ ಆರೋಗ್ಯಸ್ವಾಮಿ.

"ಅಂಗಾದ್ರೆ ನನ್ ತಮ್ಮ ಎಲ್ಲಿದ್ದ? ಏಳು."

ಆರೋಗ್ಯಸ್ವಾಮಿ ಬಾಯಿ ತೆರೆದ. ಸೊಣ್ಣಪ್ಪನ ಮುಖ ನೋಡಿದ. ಬಾಯಿ ಮುಚ್ಚಿಕೊಂಡ. ಆಮೇಲೆ ಎಷ್ಟು ಹೊಡೆದರೂ ಮಾತೇ ಇಲ್ಲ. ಕಳ್ಳ ಅನ್ನುವುದಕ್ಕೆ ಇನ್ನೇನು ಸಾಕ್ಷಿ ಬೇಕು?

ಸಾಕ್ಷಿ ಇನ್ನೂ ಒಂದಿತ್ತು. ತಟ್ಟೆಯಲ್ಲಿ ಎರಡನೆಯ ಚರಣದ ನಡುವೆ, ಹಾಡಿನ ಅಡಿಯಲ್ಲಿ, ಮಂದವಾದ ಒಂದು 'ದುಮ್' ಕೇಳುತ್ತದೆ. ಬೇರೆ ಊರಿನವರಿಗೆ ಅದು ಯಾರೋ ಬಾಗಿಲು ಹಾಕಿದ ಸದ್ದು. ಗಣಿಯವರಿಗೆ ಗೊತ್ತು, ಅದು ಬರ್ಸ್ಟು. "ಬರ್ಸ್ಟಾದ ದಿನ ಮುದ್ರಿಸಿದ್ದು, ಭೂಮಿಯೇ ಸಾಕ್ಷಿ ಏಳ್ತೈತೆ," ಅಂತ ಸೊಣ್ಣಪ್ಪ ಸಾರಿದ. ಎಲ್ಲರೂ ತಲೆಯಾಡಿಸಿದರು. ದೊಡ್ಡ ಬರ್ಸ್ಟಾದ ಮೇಲೆ ಆಳದ ಬಂಡೆ ವಾರಗಟ್ಟಲೆ ಸಣ್ಣಗೆ ಸಿಡಿಯುತ್ತಲೇ ಇರುತ್ತದೆ, ಅದು ಅಲ್ಲಿನ ಮಕ್ಕಳಿಗೂ ಗೊತ್ತಿದ್ದ ವಿಷಯ. ಒಬ್ಬರಿಗಾದರೂ ಹೊಳೆಯಬೇಕಲ್ಲ, ಹೊಳೆಯಲಿಲ್ಲ.

ಅಲ್ಲಿಂದ ಶುರುವಾಯಿತು. ಆರೋಗ್ಯಸ್ವಾಮಿ ಯಾವ ಮದುವೆಯಲ್ಲಿ ಬಾರಿಸಲು ಕೂತರೂ ಸೊಣ್ಣಪ್ಪ ಹಾಜರ್. ಊಟದ ಪಂಕ್ತಿಯ ಮುಂದೆ ನಿಂತು ಬಾಯಿಗೆ ಬಂದ ಹಾಗೆ ಬೈದು ಅವನ ಮಾನ ಹರಾಜು ಹಾಕುತ್ತಿದ್ದ. ಕರೆಯುವವರು ಕಡಿಮೆಯಾದರು, ಆಮೇಲೆ ನಿಂತೇಹೋದರು. ಬ್ಯಾಂಡು ಒಡೆಯಿತು. ಆರೋಗ್ಯಸ್ವಾಮಿ ಗಿಟಾರು, ಪಿಟೀಲು ಎರಡನ್ನೂ ಮಾರಿ, ಸುಟ್ಟ ಮೋಟಾರುಗಳಿಗೆ ತಾಮ್ರದ ತಂತಿ ಸುತ್ತುವ ಅಂಗಡಿ ಇಟ್ಟ. ಸೊಣ್ಣಪ್ಪ ಅದರ ಮುಂದೆ ಹೋಗುವಾಗಲೂ ಒಂದು ಸಲ ಉಗುಳದೆ ಹೋಗುತ್ತಿರಲಿಲ್ಲ.

ಕೋದಂಡಪ್ಪನ ಹೆಂಡತಿ ಮುನಿಗಂಗಮ್ಮ ಎರಡು ಎಮ್ಮೆ ಕಟ್ಟಿಕೊಂಡು ಹಳ್ಳಿಯಲ್ಲೇ ಉಳಿದಳು. ಗಂಡನದು ಒಂದು ಫೋಟೋ ಕೂಡ ಅವಳ ಹತ್ತಿರ ಇರಲಿಲ್ಲ. ಮಹಾಲಯ ಅಮಾವಾಸ್ಯೆಯ ದಿನ ಸತ್ತವರಿಗೆ ಎಡೆ ಇಡುವಾಗ ಅವರಿಗೆ ಪ್ರೀತಿಯಾದದ್ದನ್ನೆಲ್ಲ ಎಲೆಯ ಮುಂದೆ ಇಡುತ್ತಾರಲ್ಲ, ಬೀಡಿ, ಹೆಂಡ, ಹೊಸ ಪಂಚೆ. ಮುನಿಗಂಗಮ್ಮ ಆ ಹಾಡಿನ ತಟ್ಟೆ ಇಡುತ್ತಿದ್ದಳು. ಚಿಕ್ಕಮುನಿಯಪ್ಪನಿಂದ ಗ್ರಾಮಫೋನ್ ಪೆಟ್ಟಿಗೆ ತರಿಸಿ ಒಂದು ಸಲ ಹಾಡಿಸುತ್ತಿದ್ದಳು. ಹಾಡು ಮುಗಿಯುವವರೆಗೆ ಮನೆಯಲ್ಲಿ ಯಾರೂ ಎಲೆ ಮುಟ್ಟುವ ಹಾಗಿರಲಿಲ್ಲ. ಈ ಸುದ್ದಿ ಆಂಡರ್ಸನ್‌ಪೇಟೆಗೂ ಹೋಯಿತು. ಆಮೇಲೆ ಆರೋಗ್ಯಸ್ವಾಮಿ 'ನಾನು ಬಾರಿಸಿದ್ದು' ಅನ್ನುವ ಮಾತನ್ನು ಯಾರ ಹತ್ತಿರವೂ ಆಡಲಿಲ್ಲ. ಸೋತ ಅಂತ ಸೊಣ್ಣಪ್ಪ ಮೀಸೆ ತಿರುವಿದ.

ತೊಂಬತ್ಮೂರರಲ್ಲಿ ಬೆಂಗಳೂರಿನಿಂದ ಜಯರಾಮಪ್ಪ ಅನ್ನುವವರು ಬಂದರು. ಕರೆಂಟು ಇಲಾಖೆಯಲ್ಲಿದ್ದು ನಿವೃತ್ತರಾಗಿದ್ದವರು, ತಟ್ಟೆಗಳ ಹುಚ್ಚು. ನಮ್ಮ ಕಡೆ ಮುದ್ರಿಸಿದ ಕಂಟ್ರಿ ಹಾಡುಗಳಲ್ಲಿ ಯಾರ್ಯಾರು ಏನೇನು ಬಾರಿಸಿದರು ಅಂತ ಪುಸ್ತಕ ಬರೆಯುತ್ತಿದ್ದರು. ಡೆರಿಕ್ ದೊರೆ ತೀರಿಕೊಂಡ ಮೇಲೆ ಅವನ ಮಗಳು ಮನೆಯಲ್ಲಿದ್ದ ಎರಡು ಟೇಪಿನ ಸುರುಳಿಗಳನ್ನು ಅವರಿಗೆ ಕಳಿಸಿದ್ದಳು. ಎರಡರ ಮೇಲೂ ಟ್ರೈನ್ ಹಾಡಿನ ಹೆಸರು. ಒಂದು ತಟ್ಟೆಯಲ್ಲಿ ಬಂದದ್ದು, ಇನ್ನೊಂದು ಅರ್ಧಕ್ಕೆ ನಿಂತದ್ದು. ಗುರುತು ಹಿಡಿಯುವ ಕಿವಿ ಯಾರದು ಅಂತ ವಿಚಾರಿಸಿದಾಗ ಊರು ತೋರಿಸಿದ್ದು ಸೊಣ್ಣಪ್ಪನನ್ನೇ.

ಸೊಣ್ಣಪ್ಪನಿಗೆ ಹಬ್ಬ. ಪುಸ್ತಕದಲ್ಲಿ ತಮ್ಮನ ಹೆಸರು ಅಚ್ಚಾಗುತ್ತದೆ. ಅದೂ ಆ ಕಳ್ಳನ ಎದುರಿಗೇ ಬರೆಸಬೇಕು. ಭಾನುವಾರ ಬೆಳಿಗ್ಗೆ ಮುನಿಗಂಗಮ್ಮನ ಮನೆಯ ಜಗಲಿಯ ಮೇಲೆ ಟೇಪು ಹಾಕುವುದು ಅಂತ ಗೊತ್ತು ಮಾಡಿದ. ಗಂಡಸಾಗಿದ್ದರೆ ಬಾ ಅಂತ ಆರೋಗ್ಯಸ್ವಾಮಿಗೆ ಹೇಳಿಕಳಿಸಿದ.

ಆರೋಗ್ಯಸ್ವಾಮಿ ಬಂದ. ತಲೆ ಪೂರ್ತಿ ನೆರೆತಿತ್ತು. ಚಪ್ಪಲಿ ಬಿಟ್ಟು ಜಗಲಿಯ ತುದಿಯಲ್ಲಿ ಕೂತ. ಮುನಿಗಂಗಮ್ಮ ಅವನಿಗೂ ಮಜ್ಜಿಗೆ ಕೊಟ್ಟಳು, ಸೊಣ್ಣಪ್ಪ ಹಲ್ಲು ಕಡಿದುಕೊಂಡು ಟೇಪಿನ ಕಡೆ ತಿರುಗಿದ.

ಜಯರಾಮಪ್ಪ ಮೊದಲು ಪೂರ್ತಿ ಹಾಡಿನ ಸುರುಳಿ ಹಾಕಿದರು. ತಟ್ಟೆಯ ಕರಕರ ಇರಲಿಲ್ಲ. ತಿಳಿಯಾಗಿ, ಹತ್ತಿರದಲ್ಲೇ ನುಡಿಯುವ ಹಾಗಿತ್ತು. ಸೊಣ್ಣಪ್ಪ ಕಣ್ಣು ಮುಚ್ಚಿ ಗಣಿಯಲ್ಲಿ ಕೇಳುವ ಹಾಗೆ ಕೇಳಿದ. ಜಾರು ಬಂತು. ಅದರ ತುದಿಯಲ್ಲಿ, ತಂತಿಯ ಮೇಲೆ, ಸಣ್ಣಗೆ ಒಂದು 'ಟಪ್'.

ಅವನು ಕಿವಿಯನ್ನು ಇನ್ನೂ ಹತ್ತಿರ ತಂದ. ಇನ್ನೊಂದು ಜಾರು, ಇನ್ನೊಂದು ಟಪ್. ಅದು ಕಿರುಬೆರಳು. ಬಾರಿಸಿದವನು ಜಾರನ್ನು ಬೇಕೆಂದೇ ತಂದು, ಕೊನೆಗೆ ಅಭ್ಯಾಸಬಲದಿಂದ ಕಿರುಬೆರಳು ಇಡುತ್ತಿದ್ದಾನೆ. ಕೋದಂಡಪ್ಪನಿಗೆ ಕಿರುಬೆರಳೇ ಇರಲಿಲ್ಲ. ಇದು ಈಗಲ್ಲ, ಹದಿನೇಳು ವರ್ಷದ ಹಿಂದೆಯೇ ತಟ್ಟೆಯಲ್ಲಿ ಇತ್ತು. ಕೋಪ ಕೇಳಗೊಟ್ಟಿರಲಿಲ್ಲ ಅಷ್ಟೆ.

ಹಾಡು ಮುಗಿಯಿತು. ಜಯರಾಮಪ್ಪ ಪೆನ್ನಿನ ಮುಚ್ಚಳ ತೆಗೆದರು. "ಪಿಟೀಲು ಯಾರದು ಸೊಣ್ಣಪ್ಪನವರೇ?"

ಅಲ್ಲಿ ಕೂತ ಬೇರೆ ಯಾರಿಗೂ ಆ ಟಪ್ ಕೇಳಿಸಿರಲಿಲ್ಲ. ಮುನಿಗಂಗಮ್ಮ ಕಂಬಕ್ಕೆ ಒರಗಿ ಸೆರಗಿನ ತುದಿಯನ್ನು ಬಾಯಿಗೆ ಒತ್ತಿಕೊಂಡಿದ್ದಳು. ಸೊಣ್ಣಪ್ಪ ಅವಳ ಕಡೆ ನೋಡಿದ. ಜೀವಮಾನದಲ್ಲಿ ಮೊದಲ ಸಲ ಅವನ ಕಿವಿ ಸುಳ್ಳು ಹೇಳಿತು.

"ನಮ್ ಕೋದಂಡಂದು," ಅಂದ.

"ಬರ್ಕೊಳ್ಳಿ ಸಾರ್," ಅಂತ ತುದಿಯಿಂದ ಆರೋಗ್ಯಸ್ವಾಮಿಯ ದನಿ ಬಂತು. "ಅವರು ಹೇಳ್ದಂಗೇ ಬರ್ಕೊಳ್ಳಿ. ಇನ್ನೊಂದು ಟೇಪು ಬೇಡ, ಅರ್ಧ ಹಾಡು ಕೇಳಿ ಏನಾಗಬೇಕು. ಎತ್ತಿಡಿ."

ಅಬ್ಬಾ, ಸೊಣ್ಣಪ್ಪನಿಗೆ ಮೈಯೆಲ್ಲ ಉರಿದುಹೋಯಿತು. ಹೊಡೆದಾಗ ಬಾಯಿ ಬಿಡದವನು ಈಗ ನನಗೆ ಬಿಟ್ಟುಕೊಡುತ್ತಾನೆಯೆ? ಇವನ ಧರ್ಮ ಯಾರಿಗೆ ಬೇಕಾಗಿತ್ತು? ಸುಳ್ಳು ಹೇಳಿದ ನಾಚಿಕೆ ಕೂಡ ಕೋಪವಾಗಿಯೇ ಬಾಯಿಗೆ ಬಂತು. "ಯಾಕ್ಲಾ ಬ್ಯಾಡ? ಎದ್ರಿಕೆನಾ? ಆಕಿ ಸಾಮಿ, ಎರಡ್ನೇದೂ ಆಕಿ. ಇವ್ನ ಬಂಡವಾಳ ಎಲ್ರೂ ಕೇಳ್ಲಿ."

"ಬೇಡ ಸೊಣ್ಣಪ್ಪ," ಅಂದ ಆರೋಗ್ಯಸ್ವಾಮಿ. ಅವನನ್ನು ಹೆಸರು ಹಿಡಿದು ಕರೆದದ್ದು ಹದಿನೇಳು ವರ್ಷಗಳಲ್ಲಿ ಅದೇ ಮೊದಲು.

"ಆಕಿ ಅಂದೆ."

ಜಯರಾಮಪ್ಪ ಎರಡನೆಯ ಸುರುಳಿ ಹಾಕಿದರು. ಗಿಟಾರು, ದೊರೆಯ ದನಿ, ಅದರ ಹಿಂದೆ ಪಿಟೀಲು. ಈ ಸಲ ಜಾರಿನ ತುದಿಯಲ್ಲಿ ಟಪ್ ಇರಲಿಲ್ಲ. ಎಳೆದ ಬೆರಳು ಹಾಗೆಯೇ ಹೋಗಿ ಸ್ವರದ ಮೇಲೆ ನಿಲ್ಲುತ್ತಿತ್ತು. ಮುನಿಗಂಗಮ್ಮ ಕಂಬ ಬಿಟ್ಟು ನೆಟ್ಟಗೆ ನಿಂತಳು. ಅವಳಿಗೆ ಕಿವಿಯ ವಿದ್ಯೆ ಏನೂ ಗೊತ್ತಿರಲಿಲ್ಲ, ಆದರೂ ನಿಂತಳು.

ಒಂದು ಚರಣ ಮುಗಿದಿರಲಿಲ್ಲ. ದೊಡ್ಡದಾಗಿ ಗುಡುಗಿದಂತಾಗಿ ಹಾಲ್‌ನ ಕಿಟಕಿಗಳು ಗಲಗಲ ಅಂದವು. ಪಿಟೀಲಿನ ದನಿ ಅಲ್ಲೇ ತುಂಡಾಯಿತು. ಕಮಾನು ನೆಲಕ್ಕೆ ಬಿದ್ದ ಸದ್ದು. ಆಮೇಲೆ ಒಂದು ದನಿ, ಚಾಪೆಯಿಂದ ಎದ್ದು ಓಡುತ್ತಿರುವವನ ದನಿ:

"ಅಣ್ಣ ಒಳಗವ್ನೆ... ನಮ್ಮಣ್ಣ ಒಳಗವ್ನೆ."

ಹಿಂದೆಯೇ ಆರೋಗ್ಯಸ್ವಾಮಿಯ ಎಳೆಯ ದನಿ, ನಿಲ್ಲೋ, ಸೈರನ್ ಕೂಗಲಿ ಅಂತ ತಮಿಳಿನಲ್ಲಿ ಕೂಗಿತು, "ಡೇಯ್ ಕೋದಂಡಾ, ನಿಲ್ಲುಡಾ, ಸೈರನ್ ವರಟ್ಟುಂಡಾ." ಬಾಗಿಲು ಬಡಿದುಕೊಂಡಿತು. ಇನ್ನೂ ಸ್ವಲ್ಪ ಹೊತ್ತು ಬರಿದೇ ಸುತ್ತಿ, ಟೇಪು ನಿಂತಿತು.

ಕೋದಂಡಪ್ಪ ಸೈರನ್ ಕೂಗುವ ಮೊದಲೇ ಓಡಿದ್ದ. ಡ್ಯೂಟಿ ಕರೆದಿರಲಿಲ್ಲ, ಯಾರೂ ಕಳಿಸಿರಲಿಲ್ಲ. ಹಾಡನ್ನು ಅರ್ಧಕ್ಕೆ ಬಿಟ್ಟು ಅಣ್ಣನನ್ನು ಹುಡುಕಲು ಇಳಿದಿದ್ದ. ಅಣ್ಣ ಒಳಗಿರಲಿಲ್ಲ. ಅಣ್ಣ ಲವಂಗ ಕಚ್ಚಿಕೊಂಡು ಬೆಂಚಿನ ಮೇಲೆ ಕೂತಿದ್ದ.

"ಬರ್ಕಳಿ," ಅಂದ ಸೊಣ್ಣಪ್ಪ. "ತಟ್ಟೆದು ಆರೋಗ್ಯಸ್ವಾಮಿ. ನನ್ಗೆ ಆಗ್ಲೇ ಗೊತ್ತಾತು, ಸುಳ್ಳು ಏಳ್ದೆ." ಆಮೇಲೆ ಅವನ ಕಡೆ ತಿರುಗಿದ. "ಆವತ್ತೇ ಯಾಕೆ ಏಳ್ಲಿಲ್ಲ ನೀನು?"

ಆರೋಗ್ಯಸ್ವಾಮಿ ಎದ್ದು ನಿಂತ. "ಏನಂತ ಹೇಳ್ಬೇಕಿತ್ತು? ನಿನ್ಗೋಸ್ಕರ ಓಡ್ಹೋಗಿ ಸತ್ತ ಅಂತ್ಲಾ? ಬ್ಯಾಂಡಿನೋರ್ಗೂ ಬಾಯಿ ಬಿಡ್ಬೇಡಿ ಅಂದಿದ್ದೆ. ಹದಿನೈದು ದಿನ ಆದ್ಮೇಲೆ ದೊರೆ ನನ್ನ ಕೂರ್ಸಿ ಮತ್ತೆ ಮುದ್ರಿಸ್ದ. ಕೋದಂಡನ ಹಂಗೇ ಬಾರಿಸ್ದೆ, ಅವ್ನ ಹಾಡು ಅಂತ. ಅದಕ್ಕೆ ನೀನು ನನ್ನ ಬೀದೀಲಿ ಹೊಡ್ದೆ." ಅವನು ಉಸಿರು ಎಳೆದುಕೊಂಡ. "ನಂದು ದೊಡ್ಡ ಮನಸ್ಸು ಅಂದ್ಕೋಬೇಡ. ದಿನಾ ನಿನ್ಗೆ ಶಾಪ ಹಾಕಿದೀನಿ. ಇವತ್ತು ಹೇಳ್ಬಿಡ್ತೀನಿ ಅಂತ ಹೊರಡೋದು, ಈಯಮ್ಮನ ಮುಖ ನೆನಪಾಗಿ ವಾಪಸ್ ಬರೋದು. ವರ್ಷಾ ವರ್ಷಾ ಎಲೆ ಮುಂದೆ ತಟ್ಟೆ ಇಟ್ರಲ್ಲ, ಅದ್ರಲ್ಲಿರೋದು ನನ್ನ ಕೈ. ನಾನು ಬದುಕಿದ್ದೆ. ಅಲ್ಲಿ ಕೂತು ಮೋಟಾರಿಗೆ ತಂತಿ ಸುತ್ತುತಾ ಇದ್ದೆ. ನನ್ಗೆ ಎಡೆ ಇಟ್ರಿ ನೀವು."

ಸೊಣ್ಣಪ್ಪ ಕೈ ಮುಗಿಯಲು ಹೋದ.

"ಮುಗೀಬೇಡ. ನನ್ಗೆ ಅದು ಬೇಕಿಲ್ಲ," ಅಂದು ಆರೋಗ್ಯಸ್ವಾಮಿ ಚಪ್ಪಲಿ ಮೆಟ್ಟಿ, ಹಿಂದೆ ತಿರುಗಿ ನೋಡದೆ ರಸ್ತೆಗೆ ಇಳಿದ.

ಜಯರಾಮಪ್ಪ ಸುರುಳಿ ಬಿಚ್ಚತೊಡಗಿದರು. ಸೊಣ್ಣಪ್ಪನಿಗೆ ಅಲ್ಲಿ ನಿಲ್ಲಲಾಗಲಿಲ್ಲ. ಟವೆಲು ಹೆಗಲಿಗೆ ಹಾಕಿಕೊಂಡು ಮೆಟ್ಟಿಲ ಕಡೆ ಹೊರಟ. ಮುನಿಗಂಗಮ್ಮ ಅಡ್ಡ ಬಂದಳು. ಅವಳು ಅಳುತ್ತಿರಲಿಲ್ಲ. ಅವಳ ಮುಖದಲ್ಲಿ ಅಂಥ ಕೋಪವನ್ನು ಅವನು ಯಾವತ್ತೂ ಕಂಡಿರಲಿಲ್ಲ, ಅವಳಿಗೂ ಕೋಪ ಬರುತ್ತದೆ ಅನ್ನುವುದೇ ಅವನಿಗೆ ಗೊತ್ತಿರಲಿಲ್ಲ.

"ಬಿಚ್ಬ್ಯಾಡಿ ಸಾಮಿ, ಇನ್ನೊಂದ್ಸಲ ಆಕಿ," ಅಂತ ಜಯರಾಮಪ್ಪನಿಗೆ ಹೇಳಿದಳು. ಆಮೇಲೆ ಸೊಣ್ಣಪ್ಪನಿಗೆ ನೆಲ ತೋರಿಸಿದಳು. "ಎಲ್ಲಿಗೆ ಓಗ್ತೀಯ? ಕೂತ್ಕ ಭಾವ. ಅವ್ನು ಕೂಗಿದ್ದು ನನ್ನಲ್ಲ, ನಿನ್ನ. ಕೂತ್ಕಂಡು ಕೇಳು."

ಸೊಣ್ಣಪ್ಪ ಕೂತ. ಜಯರಾಮಪ್ಪ ಟೇಪನ್ನು ಮೊದಲಿಗೆ ತಿರುಗಿಸಿದರು.